ಹದಿನೆಂಟು ಜೇನು ಪೆಟ್ಟಿಗೆಗೆ ಒಂದು ಹಿಚ್

ಪಾಂಡವಪುರದ ಹತ್ತಿರ ಭಾವನ ತೋಟದಲ್ಲಿ ಹದಿನೆಂಟು ಜೇನು ಪೆಟ್ಟಿಗೆ ಇವೆ. ಎಲ್ಲವೂ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು. ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ ಹೂ ಬಿಡುವ ಕಾಲಕ್ಕೆ ಅವನ್ನು ಅಲ್ಲಿಗೆ ಸಾಗಿಸಬೇಕು. ಹಗಲಲ್ಲಿ ಆ ಕೆಲಸ ಆಗುವುದಿಲ್ಲ. ಕತ್ತಲಾಗಿ ಹುಳ ಎಲ್ಲ ಗೂಡು ಸೇರಿದ ಮೇಲೆ ಬಾಗಿಲಿಗೆ ಜಾಲರಿ ಬಡಿದು, ರಾತ್ರಿಯೇ ಹೊರಟು, ಬೆಳಕು ಹರಿಯುವುದರೊಳಗೆ ಇಳಿಸಿಬಿಡಬೇಕು. ಗೂಡ್ಸ್ ಆಟೊದವರು ಜೇನು ಅಂದ ಕೂಡಲೇ ಫೋನ್ ಇಡುತ್ತಾರೆ. ಹೋದ ವರ್ಷ ಒಬ್ಬರು ಒಪ್ಪಿದ್ದರು. ನಂಜನಗೂಡು ದಾಟುವಾಗ ಒಂದು ಪೆಟ್ಟಿಗೆಯ ಮುಚ್ಚಳ ಸಡಿಲವಾಗಿ ಹುಳ ಹೊರಗೆ ಬಂತು. ಅವರು ಗಾಡಿ ನಿಲ್ಲಿಸಿ ಇಳಿದು ದೂರ ಹೋಗಿ ನಿಂತರು. ಅವರ ತಪ್ಪೇನಿಲ್ಲ, ಯಾರಾದರೂ ಅದನ್ನೇ ಮಾಡುತ್ತಿದ್ದರು. ಆ ರಾತ್ರಿ ರಸ್ತೆ ಬದಿಯಲ್ಲಿ ಅಕ್ಕ ಟಾರ್ಚ್ ಹಿಡಿದು ನಿಂತಿದ್ದಳು, ಭಾವ ಬರಿಗೈಯಲ್ಲಿ ಮುಚ್ಚಳ ಕಟ್ಟುತ್ತಿದ್ದರು. ಆಗಲೇ ನನ್ನ ಎಸ್‌ಯುವಿಗೆ ಹಿಚ್, ಅಂದರೆ ಹಿಂದೆ ಟ್ರೈಲರ್ ಕಟ್ಟುವ ಕೊಂಡಿ, ಹಾಕಿಸಿ ಪೆಟ್ಟಿಗೆಗಳನ್ನು ಟ್ರೈಲರ್‌ನಲ್ಲಿ ನಾನೇ ಎಳೆಯುತ್ತೇನೆ ಅಂತ ಮನಸ್ಸು ಮಾಡಿದೆ.

ಹೇಳುವುದು ಸುಲಭ. ಯಾವ ಹಿಚ್, ಎಲ್ಲಿ ಕಟ್ಟುವುದು, ಎಷ್ಟು ತೂಕ ಅನ್ನುವುದಕ್ಕೇ ಎರಡು ತಿಂಗಳು ಹಿಡಿಯಿತು. ಆ ಲೆಕ್ಕ, ಆ ಕೆಲಸ, ನಡುವೆ ಆದ ಎಡವಟ್ಟು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಕಾಗದ

ಟ್ರೈಲರ್ ಹೊಸದಾಗಿ ಕಟ್ಟಿಸಲಿಲ್ಲ. ನೋಂದಣಿ ಇದ್ದ ಸಣ್ಣ ಹಳೇ ಟ್ರೈಲರ್ ಒಂದು ಮಂಡ್ಯ ಹತ್ತಿರ ಸಿಕ್ಕಿತು, ಕೆಎ-11 ನಂಬರಿನದು. ಒಂಟಿ ಆಕ್ಸಲ್, 12 ಇಂಚಿನ ಚಕ್ರ, ಖಾಲಿ ತೂಕ 200 ಕೆ.ಜಿ. ಟ್ರೈಲರ್‌ಗೆ ಅದರದ್ದೇ ನೋಂದಣಿ ಬೇಕು ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಗಾಡಿಯಲ್ಲಿ ಮಾಡುವ ಬದಲಾವಣೆಗಳ ವಿಷಯ 52ನೇ ಸೆಕ್ಷನ್‌ನಲ್ಲಿದೆ. ಕಬ್ಬಿಣ ಮುಟ್ಟುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ ಬಂದೆ. ವಿಮೆಯವರಿಗೂ ಬರೆದು ತಿಳಿಸಿದೆ. ನೀವು ಹಿಚ್ ಹಾಕಿಸುವುದಾದರೆ ಈ ಎರಡು ಕೆಲಸ ಮೊದಲು ಮುಗಿಸಿ. ಆಮೇಲೆ ಮಾಡೋಣ ಅಂತ ಬಿಟ್ಟರೆ ಅದು ಹಾಗೇ ಉಳಿದುಹೋಗುತ್ತದೆ.

ಕಬ್ಬಿನ ಗಾಡಿಯ ಕೊಕ್ಕೆ ಯಾಕೆ ಬೇಡ

ಭಾವನ ಮೊದಲ ಮಾತು ಇದು: "ಅಲ್ಲ ಕಣಪ್ಪ, ಕಬ್ಬಿನ ಗಾಡಿ ಅಷ್ಟೊಂದು ಟನ್ ಎಳೀತದೆ. ಅದ್ರ ಕೊಕ್ಕೇನೇ ಒಂದು ವೆಲ್ಡ್ ಮಾಡ್ಸುದ್ರೆ ಆಯ್ತದಲ್ಲ?"

ಮಂಡ್ಯದಲ್ಲಿ ಹುಟ್ಟಿ ಬೆಳೆದವರಿಗೆ ಈ ಪ್ರಶ್ನೆ ಬರುವುದು ಸಹಜ. ನಾವು ಕಣ್ಣುಬಿಟ್ಟಾಗಿಂದ ನೋಡಿದ ಟ್ರೈಲರ್ ಅಂದರೆ ಟ್ರ್ಯಾಕ್ಟರ್ ಹಿಂದಿನದು. ಅದರಲ್ಲಿ ಒಂದು ಬಳೆ, ಒಂದು ಪಿನ್ನು. ಬಳೆಗೂ ಪಿನ್ನಿಗೂ ನಡುವೆ ಚೆನ್ನಾಗಿ ಸಡಿಲ ಇರುತ್ತದೆ. ಗದ್ದೆ ಬದು, ಗುಂಡಿ ಹತ್ತಿ ಇಳಿಯುವಾಗ ಆ ಸಡಿಲ ಬೇಕು. 20 ಕಿ.ಮೀ. ವೇಗದಲ್ಲಿ ಅದರಿಂದ ತೊಂದರೆಯೂ ಇಲ್ಲ. ಕಾರಿನ ವೇಗದಲ್ಲಿ ಅದೇ ಸಡಿಲ ಸುತ್ತಿಗೆಯ ಹಾಗೆ ಹೊಡೆಯುತ್ತದೆ. ಬ್ರೇಕ್ ಒತ್ತಿದಾಗ ಒಂದು ಏಟು, ಬಿಟ್ಟು ಎಳೆದಾಗ ಇನ್ನೊಂದು ಏಟು. ಜೇನು ಪೆಟ್ಟಿಗೆಯಲ್ಲಿ ಮೇಣದ ಎರಿ ತೂಗುಬಿಟ್ಟಿರುತ್ತದೆ. ಹತ್ತು ಏಟು ಬಿದ್ದರೆ ಎರಿ ಕಿತ್ತು ಬೀಳುತ್ತದೆ, ರಾಣಿ ಸಾಯಬಹುದು.

ಕಾರಿಗೆ ಬೇಕಾಗಿರುವುದು ಹಿಂದೆ ಒಂದು ಕಬ್ಬಿಣದ ಗುಂಡು, ಟ್ರೈಲರ್ ಮೂತಿಯಲ್ಲಿ ಅದನ್ನು ಅಪ್ಪಿ ಹಿಡಿಯುವ ಕಪ್ಲರ್. ಗುಂಡು ಎಲ್ಲ ದಿಕ್ಕಿಗೂ ತಿರುಗುತ್ತದೆ, ಆದರೆ ಸಡಿಲ ಇರುವುದಿಲ್ಲ. ಈ ಮಾತು ಹೇಳಿದ ಮೇಲೆ ಭಾವ ಕೊಕ್ಕೆಯ ಸುದ್ದಿ ಎತ್ತಲಿಲ್ಲ.

ಮೂಕಿ ಭಾರ

ಹಿಚ್ ಹುಡುಕುವಾಗ ಎಲ್ಲರೂ ಮೊದಲು ನೋಡುವುದು ಎಷ್ಟು ಟನ್ ಎಳೆಯುತ್ತದೆ ಅನ್ನುವ ಅಂಕಿ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಆದರೆ ಸಣ್ಣ ಎಸ್‌ಯುವಿಗೆ ಅದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ. ಟ್ರೈಲರ್ ಮೂತಿ ಗುಂಡಿನ ಮೇಲೆ ಎಷ್ಟು ಭಾರ ಹಾಕುತ್ತದೆ ಅನ್ನುವುದು.

ಎತ್ತಿನ ಗಾಡಿ ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಾಡಿಯ ಹಿಂದಕ್ಕೆ ಭಾರ ಜಾಸ್ತಿಯಾದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆಯನ್ನು ಮೇಲಕ್ಕೆ ಜಗ್ಗುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಎತ್ತಿನ ಹೆಗಲು ಒಡೆಯುತ್ತದೆ. ಹೇರುವವನು ಮೂಕಿ ಒತ್ತಿ ನೋಡಿ ಮೂಟೆಯನ್ನು ಹಿಂದೆ ಮುಂದೆ ಮಾಡುತ್ತಾನೆ. ಕಾರಿನ ಟ್ರೈಲರ್‌ಗೂ ಅದೇ ಮಾತು. ಹಾಗಾಗಿ ಇದಕ್ಕೆ ನಾನು ಮೂಕಿ ಭಾರ ಅಂತಲೇ ಹೆಸರಿಟ್ಟುಕೊಂಡೆ. ಅಮೆರಿಕದಲ್ಲಿ ಟ್ರೈಲರ್‌ನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಮೂಕಿ ಭಾರ ಇರಲಿ ಅನ್ನುತ್ತಾರೆ. ಯುರೋಪಿನವರು ಅದಕ್ಕಿಂತ ಕಡಿಮೆ ಇಟ್ಟುಕೊಳ್ಳುತ್ತಾರೆ.

ನನ್ನ ಲೆಕ್ಕ ಹೀಗೆ. ಹುಳ, ತುಪ್ಪ ಸೇರಿ ಒಂದು ಪೆಟ್ಟಿಗೆ ತೂಗಿದರೆ 14 ಕೆ.ಜಿ. ಹದಿನೆಂಟಕ್ಕೆ 252. ಟ್ರೈಲರ್ 200. ಅಲ್ಲಿಗೆ ಒಯ್ಯುವ ನೀರು 40. ಒಟ್ಟು 492, ಅಂದರೆ ಹತ್ತಿರ ಹತ್ತಿರ 500 ಕೆ.ಜಿ. ನೂರಕ್ಕೆ 10 ಅಂದರೆ ಮೂಕಿ ಭಾರ 50 ಕೆ.ಜಿ.

ಐವತ್ತು ಕೆ.ಜಿ. ಏನು ಮಹಾ, ಹಿಂದೆ ಒಬ್ಬ ಹುಡುಗ ಕೂತ ಹಾಗೆ ಅಲ್ವಾ ಅನಿಸಬಹುದು. ಹಾಗಲ್ಲ. ಹುಡುಗ ಕೂರುವುದು ಎರಡು ಆಕ್ಸಲ್‌ಗಳ ನಡುವೆ. ಗುಂಡು ಇರುವುದು ಹಿಂದಿನ ಆಕ್ಸಲ್‌ನಿಂದ ಆಚೆ. ನನ್ನ ಗಾಡಿಯಲ್ಲಿ ಹಿಂದಿನ ಆಕ್ಸಲ್‌ನಿಂದ ಗುಂಡಿಗೆ 95 ಸೆಂ.ಮೀ., ಎರಡು ಆಕ್ಸಲ್‌ಗಳ ನಡುವೆ 268 ಸೆಂ.ಮೀ. ಇದು ಸನ್ನೆಗೋಲು. 50 ಕೆ.ಜಿ. ಗುಂಡಿನ ಮೇಲೆ ಕೂತರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು ಸುಮಾರು 68 ಕೆ.ಜಿ. ಮುಂದಿನ ಚಕ್ರಗಳು 18 ಕೆ.ಜಿ.ಯಷ್ಟು ಹಗುರಾಗುತ್ತವೆ. ಸ್ಟೇರಿಂಗ್ ಹಿಡಿತ ಇರುವುದು ಆ ಮುಂದಿನ ಚಕ್ರಗಳಲ್ಲೇ. ಹಿಂದಿನ ಸೀಟಿನಲ್ಲಿ ಮೂರು ಜನ, ಡಿಕ್ಕಿ ತುಂಬ ಸಾಮಾನು, ಅದರ ಮೇಲೆ ಟ್ರೈಲರ್ ಅಂದರೆ ಹಿಂದಿನ ಆಕ್ಸಲ್‌ನ ಮಿತಿ ಗೊತ್ತಿಲ್ಲದೆ ದಾಟಿಹೋಗುತ್ತದೆ. ಹಾಗಾಗಿ ಜೇನು ಎಳೆಯುವ ದಿನ ಕಾರಿನಲ್ಲಿ ಇಬ್ಬರೇ, ಡಿಕ್ಕಿ ಖಾಲಿ ಅಂತ ನಿಯಮ ಮಾಡಿಕೊಂಡೆವು.

ಯುರೋಪಿನ ಹಿಚ್‌ಗಳ ಮೇಲೆ ಡಿ-ವ್ಯಾಲ್ಯೂ ಅಂತ ಒಂದು ಅಂಕಿ ಕೊರೆದಿರುತ್ತದೆ, ಎಳೆಯುವಾಗ ಅದು ಎಷ್ಟು ಬಲ ತಡೆಯುತ್ತದೆ ಅನ್ನುವುದಕ್ಕೆ. ಕಾರಿನ ಗರಿಷ್ಠ ತೂಕ, ಟ್ರೈಲರ್‌ನ ಗರಿಷ್ಠ ತೂಕ ಎರಡನ್ನೂ ಟನ್‌ನಲ್ಲಿ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಬೇಕು. ಕಾರು 2.2, ಟ್ರೈಲರ್ 0.5 ಅಂತ ಹಿಡಿದರೆ ಬರುವುದು ಸುಮಾರು 4 ಕಿಲೋನ್ಯೂಟನ್. ಕೊಳ್ಳುವ ಗುಂಡು, ಕಪ್ಲರ್ ಎರಡರ ಮೇಲೂ ಇದಕ್ಕಿಂತ ದೊಡ್ಡ ಅಂಕಿ ಇದ್ದರೆ ಸಾಕು. ಸಾಮಾನ್ಯವಾಗಿ ಬೇಕಾದಷ್ಟು ದೊಡ್ಡದೇ ಇರುತ್ತದೆ.

ಜನ ಎಡವುವುದು ಇಲ್ಲೇ ಅಂತ ನನಗೆ ಅನಿಸುತ್ತದೆ. ಗುಂಡಿನ ಮೇಲೆ 1500 ಕೆ.ಜಿ. ಅಂತ ಬರೆದಿರುತ್ತದೆ. ಅದು ಗುಂಡಿನ ಮಾತು, ಕಾರಿನ ಮಾತಲ್ಲ. ಗುಂಡು, ಕಪ್ಲರ್, ಬ್ರಾಕೆಟ್, ಬೋಲ್ಟ್, ಚಾಸಿ, ಹಿಂದಿನ ಆಕ್ಸಲ್, ಟೈರು, ಬ್ರೇಕು. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಸಣ್ಣದೋ ಅದೇ ನಿಮ್ಮ ಮಿತಿ. ದೊಡ್ಡ ಹಿಚ್ ಹಾಕಿಸಿದ ಮಾತ್ರಕ್ಕೆ ಸಣ್ಣ ಗಾಡಿ ದೊಡ್ಡದಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಮೊದಲು ಕೈಕೊಡುವುದು ಬ್ರೇಕು. ಟ್ರೈಲರ್‌ಗೆ ಬ್ರೇಕ್ ಇಲ್ಲ, ಅದನ್ನೂ ಕಾರಿನ ಬ್ರೇಕೇ ನಿಲ್ಲಿಸಬೇಕು. ಬ್ರೇಕ್ ಇಲ್ಲದ ಟ್ರೈಲರ್‌ಗೆ ಯುರೋಪಿನಲ್ಲಿ 750 ಕೆ.ಜಿ. ಮಿತಿ ಇದೆ. ಕಾರಿನ ಖಾಲಿ ತೂಕದ ಅರ್ಧ ದಾಟಬಾರದು ಅಂತಲೂ ಒಂದು ರೂಢಿಯ ಲೆಕ್ಕ ಇದೆ. ಕಬ್ಬು ತೂಗುವ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದಾಗ ನನ್ನ ಗಾಡಿ, ನಾನು ಕೂತು, 1680 ತೋರಿಸಿತು. 500 ಅದರ ಮೂರನೇ ಒಂದಕ್ಕಿಂತ ಕಡಿಮೆ. ಅಲ್ಲಿಗೇ ಗೆರೆ ಎಳೆದೆ. ಇಪ್ಪತ್ತೈದು ಪೆಟ್ಟಿಗೆ ಹಾಕೋಣ ಅಂತ ಮುಂದೆ ಯಾರಾದರೂ ಕೇಳಿದರೂ ಇಲ್ಲ ಅನ್ನಬೇಕು.

ಯಾವ ಹಿಚ್

ನಮ್ಮ ಮನೆಯಲ್ಲಿ ಎರಡು ಗಾಡಿ ಇವೆ. ಹೆಂಡತಿಯ ಹೊಸ ಎಸ್‌ಯುವಿ ಮಾನೋಕಾಕ್, ಅಂದರೆ ಬಾಡಿಯೇ ಚಾಸಿ. ನನ್ನ ಹಳೆಯದಕ್ಕೆ ಲ್ಯಾಡರ್ ಚಾಸಿ, ಅಂದರೆ ಬಾಡಿಯ ಕೆಳಗೆ ಏಣಿಯಂಥ ಬೇರೆಯೇ ಚೌಕಟ್ಟು ಇದೆ, ಉದ್ದ 4 ಮೀಟರಿಗಿಂತ ಕಡಿಮೆ, ಡೀಸೆಲ್, ಹಿಂದಿನ ಚಕ್ರ ಎಳೆಯುತ್ತದೆ. ಮಾನೋಕಾಕ್ ಗಾಡಿಗೆ ಹಿಚ್ ಆಗುವುದೇ ಇಲ್ಲ ಅಂತಲ್ಲ. ಆ ಮಾಡೆಲ್‌ಗೆ ಅಂತಲೇ ಮಾಡಿದ ಬ್ರಾಕೆಟ್ ಬೇಕು. ಅದು ಬಂಪರ್ ಹಿಂದಿನ ಬೀಮ್‌ನ ಜಾಗದಲ್ಲಿ, ಉದ್ದ ಹೋಗುವ ಎರಡು ಮೆಂಬರ್‌ಗಳ ಒಳಗೆ ಬೋಲ್ಟ್ ಆಗಬೇಕು. ಡಿಕ್ಕಿ ಕೆಳಗಿನ ತಗಡಿಗೆ ಆಂಗಲ್ ವೆಲ್ಡ್ ಮಾಡಿ ಗುಂಡು ಕೂರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ತಗಡು ಸುತ್ತ ಬಿರುಕು ಬಿಟ್ಟಿತ್ತು. ನನ್ನ ಹಳೇ ಗಾಡಿಯೇ ಈ ಕೆಲಸಕ್ಕೆ ಸರಿ.

ಆಯ್ಕೆ ಬಂದು ನಿಂತಿದ್ದು ಎರಡರ ನಡುವೆ. ಒಂದು, ಕಾಯಂ ಆಗಿ ಕೂರುವ ಗುಂಡು. ಇನ್ನೊಂದು ರಿಸೀವರ್, ಅಂದರೆ ಬಂಪರ್ ಕೆಳಗೆ ಒಂದು ಚೌಕದ ಕೊಳವೆ ಇರುತ್ತದೆ, ಬೇಕಾದಾಗ ಗುಂಡಿನ ತುಂಡನ್ನು ತೂರಿಸಿ ಪಿನ್ ಹಾಕುವುದು. ಕಾಯಂ ಗುಂಡು ಹಗುರ, ಅಗ್ಗ, ಅಲುಗಾಡುವುದಿಲ್ಲ. ಆದರೆ ನಾನು ಟ್ರೈಲರ್ ಎಳೆಯುವುದು ವರ್ಷಕ್ಕೆ ಆರೇಳು ಸಲ. ಮಿಕ್ಕ ದಿನವೆಲ್ಲ ಗಾಡಿ ನಿಲ್ಲುವುದು ಮೈಸೂರಿನ ಬೀದಿಯಲ್ಲಿ. ನಮ್ಮ ಬೀದಿಯಲ್ಲಿ ಮಕ್ಕಳು ಓಡಾಡುತ್ತಾರೆ, ಹಿಂದೆ ಸ್ಕೂಟರ್ ನಿಲ್ಲಿಸುತ್ತಾರೆ. ಚಾಚಿಕೊಂಡ ಕಬ್ಬಿಣದ ಗುಂಡು ಯಾರ ಮೊಣಕಾಲಿಗಾದರೂ ತಾಗದೇ ಇರದು. ರಿವರ್ಸ್ ಸೆನ್ಸರ್ ಕೂಡ ಗುಂಡನ್ನೇ ಗೋಡೆ ಅಂದುಕೊಂಡು ಕೂಗುತ್ತದೆ. ರಿಸೀವರ್ ಆಯ್ಕೆ ಮಾಡಿದೆ.

ರಿಸೀವರ್‌ನಲ್ಲೂ ನನ್ನ ಕೆಲಸಕ್ಕೆ ನೋಡಬೇಕಾದ ಸೈಜ್ ಎರಡು. ಒಂದೂಕಾಲು ಇಂಚಿನದು ಸಣ್ಣ ಕಾರಿಗೆ ಅಂತಲೇ ಇರುವುದು. ಅಮೆರಿಕದ ಲೆಕ್ಕದಲ್ಲಿ ಕ್ಲಾಸ್ 1, ಟ್ರೈಲರ್ 907 ಕೆ.ಜಿ., ಮೂಕಿ ಭಾರ 90 ಕೆ.ಜಿ. ತನಕ. ನನ್ನ ಕೆಲಸಕ್ಕೆ ಅದೇ ಬೇಕಾದಷ್ಟಾಯಿತು. ಆದರೆ ಅದಕ್ಕೆ ಹೊಂದುವ ಪಿನ್ನು, ತುಂಡು ಯಾವುದೂ ನನಗೆ ಸಿಗಲಿಲ್ಲ. ಎರಡು ಇಂಚಿನದು ಸಿಕ್ಕಿತು. ತೂಕ ಜಾಸ್ತಿ, ಕೊಂಡಿದ್ದು ಸಾಮಾನು ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ. ಮಿತಿ ಮಾತ್ರ ಅದೇ 500.

ಬನ್ನಿಮಂಟಪದ ಮೂರು ಭಾನುವಾರ

ಬನ್ನಿಮಂಟಪದ ಕಡೆ ಒಬ್ಬರು ಉಸ್ತಾದ್ ಇದ್ದಾರೆ. ಲಾರಿ ಬಾಡಿ ಕೆಲಸ ಮಾಡಿ ಪಳಗಿದ ಕೈ. ನಾನು ನಕ್ಷೆ ತೋರಿಸಿದಾಗ ಅವರು ಕೆಳಗೆ ಮಲಗಿ ಚಾಸಿ ನೋಡಿ ಎದ್ದು ಬಂದರು. "ಸಾರ್, ಬೋಲ್ಟ್ ಎಲ್ಲ ಯಾಕೆ? ವೆಲ್ಡ್ ಹೊಡೆದ್ರೆ ಅರ್ಧ ಗಂಟೆ ಕೆಲಸ. ಜನ್ಮಕ್ಕೂ ಬರಲ್ಲ."

ಉಸ್ತಾದರ ವೆಲ್ಡಿಂಗ್ ಮೇಲೆ ನನಗೆ ಸಂಶಯ ಇರಲಿಲ್ಲ. ಆದರೆ ಚಾಸಿಗೆ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದ ಕಬ್ಬಿಣ ಕಾದು ಗುಣ ಬದಲಾಗುತ್ತದೆ. ದಿನಾ ಎಳೆತ, ಕುಲುಕು ಬೀಳುವ ಜಾಗದಲ್ಲಿ ಬಿರುಕು ಶುರುವಾಗುವುದು ಅಲ್ಲಿಂದಲೇ. ಬೋಲ್ಟ್ ಆದರೆ ಬಿಚ್ಚಿ ನೋಡಬಹುದು, ಬದಲಿಸಬಹುದು. ಇದನ್ನು ಹೇಳಿದಾಗ ಅವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಒಳಗೆ ಬುಷ್ ಕೊಡಬೇಕು ಸಾರ್, ಇಲ್ಲಾಂದ್ರೆ ಡಬ್ಬಿ ಅಮುಕಿಕೊಳ್ತದೆ" ಅಂದರು. ಅದು ನನಗೆ ಹೊಳೆದಿರಲಿಲ್ಲ. ಚಾಸಿ ಒಳಗೆ ಟೊಳ್ಳು. ಬೋಲ್ಟ್ ಬಿಗಿಮಾಡಿದರೆ ಎರಡು ಗೋಡೆ ಒಳಕ್ಕೆ ಬಾಗುತ್ತವೆ, ಬಿಗಿ ನಿಲ್ಲುವುದೇ ಇಲ್ಲ. ಬೋಲ್ಟ್ ಸುತ್ತ ಗೋಡೆಯಿಂದ ಗೋಡೆಗೆ ಒಂದು ಗಟ್ಟಿ ಕೊಳವೆ ಕೂರಿಸಿದರೆ ಭಾರ ಅದರ ಮೇಲೆ ಬೀಳುತ್ತದೆ. ಈ ಇಡೀ ಕೆಲಸದಲ್ಲಿ ನನಗೆ ಸಿಕ್ಕ ಬೆಲೆಬಾಳುವ ಸಲಹೆ ಇದು.

ಮಾಡಿದ್ದು ಇಷ್ಟು. ಎರಡು ಪಕ್ಕಕ್ಕೂ 8 ಮಿ.ಮೀ. ಪ್ಲೇಟ್. ಅವೆರಡರ ನಡುವೆ 60 ಗುಣಿಸು 60ರ, 5 ಮಿ.ಮೀ. ದಪ್ಪದ ಚೌಕ ಪೈಪ್. ಅದರ ಮಧ್ಯೆ ಕೊಂಡು ತಂದ ರಿಸೀವರ್ ಕೊಳವೆ. ಈ ಮೂರನ್ನು ಮಾತ್ರ ವೆಲ್ಡ್ ಮಾಡಿದ್ದು, ಅದೂ ಗಾಡಿಯಿಂದ ಹೊರಗೆ, ಬೆಂಚಿನ ಮೇಲೆ. ಚಾಸಿಗೆ ಕೂರುವುದು ಪಕ್ಕಕ್ಕೆ ಮೂರರಂತೆ ಆರು ಎಂ12 ಬೋಲ್ಟ್, 8.8 ಗ್ರೇಡ್, 80 ನ್ಯೂಟನ್ ಮೀಟರ್ ಬಿಗಿ. ಹೊಸ ತೂತು ಒಂದನ್ನೂ ಕೊರೆಯಲಿಲ್ಲ. ಗಾಡಿ ಕಟ್ಟುವಾಗಲೇ ಬಿಟ್ಟಿದ್ದ ತೂತುಗಳಿಗೆ ಹೊಂದುವ ಹಾಗೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದರ ಮೇಲೆ ಪ್ಲೇಟ್ ಗೀಚಿದೆವು. ರಟ್ಟಿನ ಅಚ್ಚಿಗೇ ಒಂದು ಪೂರ್ತಿ ಭಾನುವಾರ ಹೋಯಿತು. ಹೋದರೆ ಹೋಗಲಿ. ತಪ್ಪಾದ ರಟ್ಟನ್ನು ಬಿಸಾಕಬಹುದು, ತಪ್ಪಾದ ಪ್ಲೇಟನ್ನು ಬಿಸಾಕಲು ಮನಸ್ಸು ಬರುವುದಿಲ್ಲ.

ರಿಸೀವರ್ ಕೊಳವೆಯನ್ನು ಕೊಂಡು ತಂದೆ ಅಂದೆನಲ್ಲ, ಅದಕ್ಕೂ ಕಾರಣ ಇದೆ. ಕಬ್ಬಿಣದ ಅಂಗಡಿಯ 60ರ ಪೈಪ್ ಒಳಗೆ ಲೆಕ್ಕಕ್ಕೆ ಸರಿಯಾಗಿ 50 ಮಿ.ಮೀ. ಇದೆ, ಅದನ್ನೇ ಬಳಸೋಣ ಅಂತ ಮೊದಲು ಅಂದುಕೊಂಡಿದ್ದೆ. ಒಳಗೆ ಕೈಹಾಕಿ ನೋಡಿದರೆ ಉದ್ದಕ್ಕೂ ಬೆಸುಗೆಯ ಗೆರೆ ಎದ್ದುಕೊಂಡಿದೆ. 50ರ ತುಂಡು ಒಳಗೆ ಹೋಗುವುದೇ ಇಲ್ಲ. ಅಷ್ಟುದ್ದ ಅರ ಹಾಕಿ ಉಜ್ಜುವುದಕ್ಕಿಂತ ರಿಸೀವರ್‌ಗೆ ಅಂತಲೇ ಮಾಡಿದ್ದನ್ನು ಕೊಳ್ಳುವುದು ವಾಸಿ.

ರೆಡ್ ಆಕ್ಸೈಡ್ ಎರಡು ಕೋಟು, ಮೇಲೆ ಕಪ್ಪು ಪೇಂಟ್. ಕೊಳವೆಗಳ ಕೆಳಗೆ ನೀರು ಇಳಿಯಲು ಸಣ್ಣ ತೂತು. ಸೈಲೆನ್ಸರ್‌ಗೆ ಮೂರು ಬೆರಳು ಜಾಗ ಬಿಟ್ಟೆವು. ಬಂಪರ್ ಕೆಳಗಿನ ಪ್ಲಾಸ್ಟಿಕ್ ಒಂದು ಅಂಗೈ ಅಗಲ ಕತ್ತರಿಸಿದೆವು.

ಆಮೇಲೆ ಪರೀಕ್ಷೆ. ಹಂಪ್ ಹಾರಿದಾಗ ಮೂಕಿ ಭಾರ ನಿಂತಾಗಿನದಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತದೆ. ಮೂರು ಪಟ್ಟು, ಅಂದರೆ 150 ಕೆ.ಜಿ. ಅಂತ ಇಟ್ಟುಕೊಂಡೆ. ಉಸ್ತಾದರೂ ನಾನೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಗುಂಡಿನ ತುಂಡಿನ ಮೇಲೆ ನಿಂತೆವು. ಇಬ್ಬರದೂ ಸೇರಿ ಹೆಚ್ಚುಕಡಿಮೆ ಅಷ್ಟೇ ತೂಕ. ಅವರ ಮಗ ಚಾಸಿಯಿಂದ ತುಂಡಿನ ತುದಿಗೆ ಸ್ಕೇಲ್ ಹಿಡಿದು ಅಳೆದ. ನಿಂತಾಗ 3 ಮಿ.ಮೀ. ಬಾಗಿತು, ಇಳಿದಾಗ ಪೂರ್ತಿ ವಾಪಸ್ ಬಂತು. ಉಸ್ತಾದರ ಮುಖದಲ್ಲಿ ಆಗ ಕಂಡ ಖುಷಿ ನನಗೂ ಆಯಿತು.

0.8 ಮಿ.ಮೀ.

ಆನ್‌ಲೈನ್‌ನಲ್ಲಿ ತರಿಸಿದ ಗುಂಡು ಬಂತು. ಕಪ್ಲರ್ ಮೇಲೆ ಕೂರಿಸಿದೆ. ಕಪ್ಲರ್‌ನ ಬೀಗದ ಹಿಡಿ ಪೂರ್ತಿ ಕೆಳಗೆ ಬರಲಿಲ್ಲ. ಗ್ರೀಸ್ ಹಾಕಿದೆ, ತಟ್ಟಿದೆ, ಆದರೂ ಬೆರಳಗಲ ಮೇಲೇ ನಿಂತಿತು. ಎಳೆದು ನೋಡಿದರೆ ಬಿಡುವುದಿಲ್ಲ. ಸಾಕು ಅಂತ ಬಿಡುವ ಆಸೆ ಒಂದು ಕ್ಷಣ ಬಂತು. ವರ್ನಿಯರ್ ತಂದು ಅಳೆದೆ. 50.8 ಮಿ.ಮೀ. ಅಂದರೆ ಎರಡು ಇಂಚು. ಕಪ್ಲರ್ ಮೇಲೆ ಕೊರೆದಿರುವುದು 50.

ಪುಟದಲ್ಲಿ 50 ಅಂತಲೇ ಬರೆದಿದ್ದರು. ಮಾರುವವರು ಎರಡನ್ನೂ ಒಂದೇ ಅಂದುಕೊಂಡಿರಬೇಕು. ಅಲ್ಲ. ಎರಡು ಇಂಚಿನ ಗುಂಡಿಗೆ 50ರ ಕಪ್ಲರ್ ಪೂರ್ತಿ ಬೀಗ ಹಾಕಿಕೊಳ್ಳುವುದಿಲ್ಲ. ತಿರುಗಾಮುರುಗಾ ಆದರೆ ಇನ್ನೂ ಅಪಾಯ. ಹಿಡಿ ಸಲೀಸಾಗಿ ಮುಚ್ಚುತ್ತದೆ, ಎಲ್ಲ ಸರಿ ಕಾಣುತ್ತದೆ, ಒಳಗೆ ಸಡಿಲ ಉಳಿದಿರುತ್ತದೆ. ದಯವಿಟ್ಟು ವರ್ನಿಯರ್ ಹಿಡಿದು ಅಳೆಯಿರಿ.

ಅದನ್ನು ವಾಪಸ್ ಕಳಿಸಿ 50ರ ಫ್ಲ್ಯಾಂಜ್ ಗುಂಡು ತಂದೆ. ಇದರಲ್ಲಿ ಎರಡು ತೂತು ಇರುತ್ತವೆ, ನಡುವೆ 90 ಮಿ.ಮೀ. ಅಂತರ. ಉಸ್ತಾದರು ಚೌಕದ ತುಂಡಿಗೆ 12 ಮಿ.ಮೀ. ಪ್ಲೇಟ್ ಕೂರಿಸಿ ಕೊಟ್ಟರು. ಎರಡು ಎಂ16 ಬೋಲ್ಟ್, 200 ನ್ಯೂಟನ್ ಮೀಟರ್. ಪ್ಲೇಟನ್ನು ಬೇಕಂತಲೇ ಕೆಳಗೆ ಇಳಿಸಿದ್ದೇವೆ. ರಿಸೀವರ್ ನೆಲದಿಂದ 48 ಸೆಂ.ಮೀ. ಮೇಲಿದೆ, ಗುಂಡಿನ ನಡುಭಾಗ 40ಕ್ಕೆ ಬಂತು. ಯುರೋಪಿನ ಅಳತೆ 35ರಿಂದ 42. ಮುಖ್ಯವಾದದ್ದು ಟ್ರೈಲರ್ ನೆಲಕ್ಕೆ ಸಮವಾಗಿ ನಿಲ್ಲಬೇಕು ಅನ್ನುವುದು. ಮೂತಿ ಮೇಲೆದ್ದರೆ ಪೆಟ್ಟಿಗೆ ಹಿಂದಕ್ಕೆ ಜಾರುತ್ತವೆ, ಮೂಕಿ ಭಾರವೂ ಕಡಿಮೆಯಾಗುತ್ತದೆ.

ವೈರಿಂಗ್, ಬೇಗ ಹೇಳಿ ಮುಗಿಸುತ್ತೇನೆ

ಏಳು ಪಿನ್ನಿನ ಸಾಕೆಟ್. ಎಡ ಇಂಡಿಕೇಟರ್ ಹಳದಿ, ಬಲ ಹಸಿರು, ಬ್ರೇಕ್ ಕೆಂಪು, ಎಡ ಟೇಲ್ ಕಪ್ಪು, ಬಲ ಟೇಲ್ ಕಂದು, ಫಾಗ್ ನೀಲಿ, ಅರ್ಥ್ ಬಿಳಿ. ಕಾರಿನ ದೀಪದ ವೈರಿಗೆ ನೇರವಾಗಿ ಕಟ್ಟಬೇಡಿ. ಟ್ರೈಲರ್‌ನ ಎರಡು ಬ್ರೇಕ್ ಬಲ್ಬ್‌ಗೇ 42 ವ್ಯಾಟ್, ಅಂದರೆ 3.5 ಆಂಪಿಯರ್. ಈಗಿನ ಗಾಡಿಗಳ ಕಂಟ್ರೋಲ್ ಯೂನಿಟ್ ಅದನ್ನು ತಡೆಯುವುದಿಲ್ಲ. ರಿಲೇ ಬಾಕ್ಸ್ ಹಾಕಿದರೆ ಕಾರಿನ ವೈರಿನಿಂದ ಸುದ್ದಿ ಮಾತ್ರ ಹೋಗುತ್ತದೆ, ಕರೆಂಟು ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಬರುತ್ತದೆ.

ಮೊದಲ ಸಂಜೆ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹತ್ತಿಕೊಳ್ಳುತ್ತಿತ್ತು. ಇಂಥ ಭೂತಚೇಷ್ಟೆ ಕಂಡರೆ ಅರ್ಥ್ ನೋಡಿ. ಟ್ರೈಲರ್‌ನಲ್ಲಿ ಪೇಂಟ್ ಮೇಲೇ ಅರ್ಥ್ ಸ್ಕ್ರೂ ಕೂತಿತ್ತು. ಉಜ್ಜಿ, ಬಿಳಿ ವೈರನ್ನು ಪ್ರತಿ ದೀಪಕ್ಕೂ ಬೇರೆಯಾಗಿ ಎಳೆದ ಮೇಲೆ ಸರಿಹೋಯಿತು.

ಟ್ರೈಲರ್ ತೂಗಾಡಿದ ಬೆಳಗ್ಗೆ

ಜೇನು ಹೇರುವ ಮೊದಲು ಮರಳು ಚೀಲ ಹಾಕಿ ಓಡಿಸಿ ನೋಡಬೇಕು ಅಂತ ಪಟ್ಟುಹಿಡಿದೆ. ಹದಿನೆಂಟು ಚೀಲ, ಒಂದೊಂದೂ 14 ಕೆ.ಜಿ. ಭಾವ ತೂಕ ಸರಿಯಿರಲಿ ಅಂತ 20 ಲೀಟರಿನ ಎರಡು ನೀರಿನ ಕ್ಯಾನನ್ನೂ ತಂದು ಹಿಂದಿನ ಬಾಗಿಲ ಹತ್ತಿರ ಇಟ್ಟರು. ನಾನೂ ನೋಡಿದೆ, ಏನೂ ಅನ್ನಲಿಲ್ಲ.

ಬೆಳಗ್ಗೆ ಆರಕ್ಕೆ ರಸ್ತೆ ಖಾಲಿ. 40ರಲ್ಲಿ ಚೆನ್ನಾಗಿತ್ತು. ಇಳಿಜಾರಿನಲ್ಲಿ 55 ಮುಟ್ಟಿದಾಗ ಕನ್ನಡಿಯಲ್ಲಿ ಟ್ರೈಲರ್ ಎಡಕ್ಕೆ ಬಲಕ್ಕೆ ತೂಗಲು ಶುರುವಾಯಿತು. ಪ್ರತಿ ತೂಗಿಗೂ ಕಾರಿನ ಹಿಂಭಾಗ ಅಲುಗುತ್ತದೆ. ಮೈ ತಣ್ಣಗಾಯಿತು. ಬ್ರೇಕ್ ಒತ್ತಲಿಲ್ಲ, ಸ್ಟೇರಿಂಗ್ ತಿರುಗಿಸಿ ಸರಿಮಾಡಲೂ ಹೋಗಲಿಲ್ಲ. ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಏಳೆಂಟು ಸೆಕೆಂಡಿಗೆ ನಿಂತಿತು. ಆ ಏಳೆಂಟು ಸೆಕೆಂಡು ಬಹಳ ಉದ್ದ.

ಪಕ್ಕಕ್ಕೆ ನಿಲ್ಲಿಸಿದೆ. ಭಾವ ಇಳಿದು ಹೋಗಿ ಟ್ರೈಲರ್ ಮೂತಿ ಹಿಡಿದು ಮೇಲಕ್ಕೆ ಎತ್ತಿ ನೋಡಿದರು. "ಮೂಕಿ ಎದ್ದೋಗದೆ ಕಣಪ್ಪ. ನಾನೇ ನೀರ ಹಿಂದಿಕ್ಕಿದ್ದು."

ಮನೆಗೆ ನಿಧಾನ ವಾಪಸ್ ಬಂದು, ಅಕ್ಕನ ಮನೆಯ ತೂಕದ ಯಂತ್ರದ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಗುಂಡಿನಷ್ಟೇ ಎತ್ತರಕ್ಕೆ ಕಪ್ಲರ್ ಕೂರಿಸಿದೆವು. 18 ಕೆ.ಜಿ. ಬೇಕಾಗಿದ್ದು 50. ಮತ್ತೆ ಸನ್ನೆಗೋಲಿನ ಲೆಕ್ಕ. ಆಕ್ಸಲ್‌ನಿಂದ ಕಪ್ಲರ್‌ಗೆ 2.1 ಮೀಟರ್. 40 ಕೆ.ಜಿ. ನೀರನ್ನು 1.7 ಮೀಟರ್ ಮುಂದಕ್ಕೆ ತಂದರೆ ಮೂಕಿ ಭಾರ 32 ಕೆ.ಜಿ. ಏರಬೇಕು. ಕ್ಯಾನ್ ಎರಡನ್ನೂ ಮುಂದಿನ ಗೋಡೆಗೆ ಒತ್ತಿ ಕಟ್ಟಿದೆವು. ಯಂತ್ರ 49 ತೋರಿಸಿತು. ಅದೇ ತೂಕ, ಅದೇ ಹಿಚ್, ಅದೇ ರಸ್ತೆ. ಅದೇ ಇಳಿಜಾರಿನಲ್ಲಿ 55ಕ್ಕೆ ಹೋದರೂ ಟ್ರೈಲರ್ ನೂಲು ಹಿಡಿದ ಹಾಗೆ ಹಿಂದೆ ಬಂತು. ಆದರೂ ಜೇನಿನ ದಿನ 50 ದಾಟುವುದಿಲ್ಲ ಅಂತ ಅಲ್ಲೇ ಗಟ್ಟಿಮಾಡಿದೆವು. ಟ್ರೈಲರ್ ನೆಲದ ಮೇಲೆ ನೀರಿನ ಕ್ಯಾನಿನ ಜಾಗಕ್ಕೆ ಬಿಳಿ ಪೇಂಟಿನಲ್ಲಿ ಚೌಕ ಬರೆದೆ.

ಅದೇ ದಿನ ಕಂಡ ಇನ್ನೊಂದು ತೊಂದರೆ. ನನ್ನ ಗಾಡಿಯ ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ, ಅದರ ಮೇಲೆ ಸ್ಟೆಪ್ನಿ ಬೇರೆ ಇದೆ. ಟ್ರೈಲರ್ ಕಟ್ಟಿದಾಗ ಬಾಗಿಲು ಅರ್ಧಕ್ಕೇ ಜಾಕಿ ಚಕ್ರದ, ಅಂದರೆ ಟ್ರೈಲರ್ ಮೂತಿಯನ್ನು ಎತ್ತಿ ಇಳಿಸುವ ಸಣ್ಣ ಚಕ್ರದ, ಹಿಡಿಗೆ ಬಡಿಯುತ್ತದೆ. ಸದ್ಯಕ್ಕೆ ಟೂಲ್ಸ್, ಟಾರ್ಚ್ ಎಲ್ಲ ಹಿಂದಿನ ಸೀಟಿನಲ್ಲಿ.

ಹೊರಟ ರಾತ್ರಿ

ಪೆಟ್ಟಿಗೆಗಳನ್ನು ಎರಿ ರಸ್ತೆಯ ಉದ್ದಕ್ಕೆ ಬರುವ ಹಾಗೆ ಜೋಡಿಸಿದೆವು. ಅಡ್ಡ ಇಟ್ಟರೆ ಬ್ರೇಕ್ ಹಾಕಿದಾಗ ಎರಿಗಳು ಒಂದಕ್ಕೊಂದು ಬಡಿದು ಹುಳ ನಜ್ಜಾಗುತ್ತವೆ. ಪ್ರತಿ ಪೆಟ್ಟಿಗೆಗೂ ಬೆಲ್ಟು. ಎರಡು ಸೇಫ್ಟಿ ಸರಪಳಿಯನ್ನು ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಕಿದೆ. ಅಕಸ್ಮಾತ್ ಕಪ್ಲರ್ ಬಿಟ್ಟರೆ ಮೂತಿ ನೆಲಕ್ಕೆ ಬೀಳದೆ ಆ ಕತ್ತರಿಯಲ್ಲಿ ಕೂರುತ್ತದೆ. ಹೊರಡುವ ಮುಂಚೆ ಜಾಕಿಯಿಂದ ಮೂತಿಯನ್ನು ಮೇಲಕ್ಕೆ ಎತ್ತಿ ನೋಡಿದೆ. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಬೀಗ ಸರಿಯಾಗಿ ಬಿದ್ದಿದೆ ಅಂತ ಅರ್ಥ. ಎದ್ದಿತು.

ಶ್ರೀರಂಗಪಟ್ಟಣ, ಮೈಸೂರು ರಿಂಗ್ ರಸ್ತೆ, ನಂಜನಗೂಡು, ಗುಂಡ್ಲುಪೇಟೆ. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ರಸ್ತೆ ಮುಚ್ಚಿರುತ್ತದೆ, ನಮ್ಮ ಹೊಲ ಅದಕ್ಕಿಂತ ಈಚೆಗೇ. ವೇಗ 45, ಹಂಪ್ ಬಂದರೆ ನಡಿಗೆಯಷ್ಟು. ಹಂಪ್ ಕಾರಿನದು ದಾಟಿದ ಮೇಲೆ ಟ್ರೈಲರ್‌ನದು ಬಾಕಿ ಇದೆ ಅನ್ನುವುದು ಮೊದಲ ಹತ್ತು ಕಿ.ಮೀ. ನೆನಪಿಟ್ಟುಕೊಳ್ಳಬೇಕು, ಆಮೇಲೆ ಕಾಲಿಗೇ ಅಭ್ಯಾಸವಾಗುತ್ತದೆ. ಮುಂದಿನ ಗಾಡಿಗೂ ನನಗೂ ಎಂದಿಗಿಂತ ಎರಡರಷ್ಟು ಜಾಗ ಬಿಟ್ಟೆ.

ನಂಜನಗೂಡಿನಲ್ಲಿ ನಿಲ್ಲಿಸಿದೆವು. ಚಕ್ರದ ಹಬ್ ಎರಡನ್ನೂ ಕೈಯಿಂದ ಮುಟ್ಟಿದೆ, ಬೆಚ್ಚಗಿತ್ತು ಅಷ್ಟೇ. ಬೇರಿಂಗ್ ಕೆಟ್ಟಿದ್ದರೆ ಕೈ ಇಡಲು ಆಗುತ್ತಿರಲಿಲ್ಲ. ಪಿನ್, ಸರಪಳಿ, ದೀಪ ನೋಡಿದೆ. ಭಾವ ಒಂದೊಂದೇ ಪೆಟ್ಟಿಗೆಗೆ ಕಿವಿಯಿಟ್ಟು ಬಂದರು. ಹೋದ ವರ್ಷ ಮುಚ್ಚಳ ಕಟ್ಟಿದ ಜಾಗ ಅಲ್ಲಿಂದ ದೂರವಿರಲಿಲ್ಲ. "ಎಲ್ಲ ಒಂದೇ ಸಮ ಗುಯ್‌ಗುಡ್ತಾವೆ" ಅಂದರು. ಹೆದರಿದ ಹುಳದ ಸದ್ದು ಏರುತ್ತದೆ, ಅದು ಅವರಿಗೆ ಗೊತ್ತು.

ಮೂರು ಗಂಟೆಯೊಳಗೆ ತಲುಪಿದೆವು. ಬೆಳಕಾಗುವ ಮುಂಚೆ ಹದಿನೆಂಟನ್ನೂ ಸ್ಟ್ಯಾಂಡ್ ಮೇಲೆ ಇಟ್ಟು, ಇರುವೆ ಹತ್ತದಂತೆ ಕಾಲಿನ ಬಟ್ಟಲಿಗೆ ನೀರು ತುಂಬಿ, ಜಾಲರಿ ತೆಗೆದೆವು. ಒಂದೂ ಎರಿ ಬಿದ್ದಿರಲಿಲ್ಲ. ಸೂರ್ಯ ಬಂದಾಗ ಹುಳ ಹೊರಗೆ ಬಂದು ಪೆಟ್ಟಿಗೆಯ ಕಡೆ ಮುಖ ಮಾಡಿ ಸುತ್ತ ಹಾರುತ್ತಿದ್ದವು. ಹೊಸ ಜಾಗ ಗುರುತು ಮಾಡಿಕೊಳ್ಳುವುದು ಹಾಗೆ. ಅಕ್ಕನಿಗೆ ಫೋನ್ ಮಾಡಿ ಹೇಳಿದಾಗ ಅವಳು ಮೊದಲು ಕೇಳಿದ್ದು, "ದಾರೀಲಿ ಎಲ್ಲೂ ಇಳೀಲಿಲ್ಲ ತಾನೆ?"

ನಾನು ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಹಿಡಿದು ಕಾರಿನ ಕೆಳಗೆ ಮಲಗಿದೆ. ಹೊಸ ಪೇಂಟ್ ಕೂತುಕೊಳ್ಳುವುದರಿಂದ ಮೊದಲ ಓಟದ ನಂತರ ಮತ್ತೆ ಬಿಗಿ ನೋಡಲೇಬೇಕು. ಆರರಲ್ಲಿ ಎರಡು ಬೋಲ್ಟ್ ಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗಿದವು, ಎರಡೂ ಎಡಗಡೆಯವು. ನಾಲ್ಕು ಅಲುಗಲಿಲ್ಲ. ಆರಕ್ಕೂ ತಲೆಯಿಂದ ಪ್ಲೇಟಿಗೆ ಬಿಳಿ ಗೆರೆ ಎಳೆದೆ. ಮುಂದಿನ ಸಲ ಗೆರೆ ಮುರಿದಿದ್ದರೆ ಬಗ್ಗಿದ ಕೂಡಲೇ ಕಾಣುತ್ತದೆ. ಪೆಟ್ಟಿಗೆ ವಾಪಸ್ ತರಲು ಇನ್ನೂ ಒಂದು ತಿಂಗಳಿದೆ. ಅಷ್ಟರಲ್ಲಿ ಜಾಕಿ ಚಕ್ರದ ಕ್ಲ್ಯಾಂಪನ್ನು ಇನ್ನೊಂದು ಪಕ್ಕಕ್ಕೆ ಸರಿಸಬೇಕು.